ಬರುವುದನ್ನು ಗುಟ್ಟಾಗಿಡಲಿ, ಹೋಗುವುದನ್ನಾದರೂ ಹೇಳಲಿ

ದಾವಣಗೆರೆಯ ನಿಟುವಳ್ಳಿಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಇದೆ. ಹತ್ತಡಿಗೆ ಹನ್ನೆರಡಡಿ ಕೋಣೆ. ಮದುವೆ ಸೀಸನ್‌ನಲ್ಲಿ ಆರ್ಕೆಸ್ಟ್ರಾದವರ ಟ್ರ್ಯಾಕು, ಜಾತ್ರೆ ಹತ್ತಿರ ಬಂದರೆ ದೇವರ ಪದಗಳು, ದೀಪಾವಳಿಗೆ ಬಟ್ಟೆ ಅಂಗಡಿಗಳ ಆಟೋ ಪ್ರಚಾರ. ವರ್ಷವೆಲ್ಲ ಇದೇ ಕೆಲಸ.

ಹೋದ ತಿಂಗಳು ಒಂದು ಸಂಜೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಹುಡುಗನೊಬ್ಬ ಬಂದ. ಎರಡು ಸೀಸನ್ ದುಡಿದು ಉಳಿಸಿದ ದುಡ್ಡಲ್ಲಿ ಸಂಗೀತದ ಸಾಫ್ಟ್‌ವೇರ್ ಕೊಳ್ಳಬೇಕು ಅಂತ ಅವನ ಆಸೆ. ಸ್ಟೂಲ್ ಎಳೆದುಕೊಂಡು ಕೂತು ಮೊಬೈಲ್‌ನಲ್ಲಿ ಒಂದು ಆಫರ್ ತೋರಿಸಿದ.

"ಅಣ್ಣಾ, ಈಗ ರೇಟ್ ಕಮ್ಮಿ ಐತಿ. ತಗೊಂಬಿಡ್ಲಾ? ಇಲ್ಲಾ ಹೊಸಾ ವರ್ಷನ್ ಬರೋ ತನಕ ತಡೀಲಾ?"

"ಯಾವಾಗ ಬರ್ತೈತಂತೆ?"

"ಅದ್ನೇ ಯಾರೂ ಹೇಳವಲ್ರಣ್ಣಾ. ಕಂಪನಿಗೇ ಮೇಲ್ ಹಾಕಿದ್ದೆ. ಮುಂದಿಂದರ ಬಗ್ಗೆ ಏನೂ ಹೇಳಂಗಿಲ್ಲ ಅಂತ ಉತ್ತರ ಬಂತು."

ನನಗೂ ಏನು ಹೇಳಬೇಕು ಅಂತ ತಿಳಿಯಲಿಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಜಾಗದಲ್ಲಿ ಕೂತು ಒಂದು ಅಪ್‌ಗ್ರೇಡ್ ಕೊಂಡಿದ್ದೆ. ಸರಿಯಾಗಿ ನಲವತ್ತು ದಿನಕ್ಕೆ ಹೊಸ ಆವೃತ್ತಿ ಬಂತು. ಹಿಂದಿನ ಮೂವತ್ತು ದಿನದಲ್ಲಿ ಕೊಂಡವರಿಗೆ ಅದು ಫ್ರೀ, ಮಿಕ್ಕವರು ಮತ್ತೆ ದುಡ್ಡು ಕೊಡಬೇಕು. ಹತ್ತು ದಿನದಲ್ಲಿ ತಪ್ಪಿಹೋಯಿತು. ಆವತ್ತು ಬಂದ ಸಿಟ್ಟಿಗೆ, ಇವರು ಯಾಕೆ ಹೀಗೆ ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ ಅಂತ ಹುಡುಕಿ ಓದಲು ಶುರುಮಾಡಿದೆ. ಓದುತ್ತಾ ಹೋದಂತೆ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಬೇರೆ ಕಡೆ ತಿರುಗಿತು.

ಮೊದಲ ಕಾರಣ ನಮ್ಮ ಊರಿನವರಿಗೆ ಹೊಸದಲ್ಲ. ಮಂಡಿಪೇಟೆ, ಚೌಕಿಪೇಟೆ ಕಡೆಯ ಬಟ್ಟೆ ಅಂಗಡಿಗಳನ್ನು ನೋಡಿ. ಆಷಾಢದಲ್ಲಿ ಅರ್ಧ ರೇಟಿಗೆ ಕೊಡುತ್ತೇವೆ ಅಂತ ಒಂದು ತಿಂಗಳು ಮೊದಲೇ ಬೋರ್ಡ್ ಹಾಕಿದರೆ, ಆ ತಿಂಗಳು ಪೂರ್ತಿ ಅಂಗಡಿಗೆ ಯಾರು ಬರುತ್ತಾರೆ? ಬಾಡಿಗೆ, ಕೆಲಸದವರ ಸಂಬಳ, ಕರೆಂಟ್ ಬಿಲ್ ಮಾತ್ರ ನಿಲ್ಲುವುದಿಲ್ಲ. ಸಾಫ್ಟ್‌ವೇರ್‌ದೂ ಇದೇ ಕತೆ.

ಕಂಪ್ಯೂಟರ್ ಲೋಕದಲ್ಲಿ ಇದಕ್ಕೊಂದು ಹೆಸರೇ ಇದೆ, ಆಸ್ಬೋರ್ನ್ ಪರಿಣಾಮ ಅಂತ. ಅಮೆರಿಕದಲ್ಲಿ ಆಡಂ ಆಸ್ಬೋರ್ನ್ ಎಂಬುವರು 1981ರಲ್ಲಿ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರ್ ತಂದರು. ಬೆಲೆ 1795 ಡಾಲರ್. ಚೆನ್ನಾಗಿಯೇ ಮಾರಾಟವಾಗುತ್ತಿತ್ತು. 1983ರ ಶುರುವಿನಲ್ಲಿ, ಇದಕ್ಕಿಂತ ಒಳ್ಳೆಯದು ಬರುತ್ತಿದೆ ಅಂತ ಹೇಳಿಬಿಟ್ಟರು. ಡೀಲರ್‌ಗಳು ಹಳೆಯದರ ಆರ್ಡರ್ ರದ್ದು ಮಾಡಿದರು. ಹೊಸದು ಇನ್ನೂ ಕೈಗೆ ಸಿಕ್ಕಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಪೈಪೋಟಿಯಂಥ ಬೇರೆ ಕಾರಣಗಳೂ ಇದ್ದವು ಅಂತ ಆಮೇಲೆ ಬರೆದವರಿದ್ದಾರೆ. ಆದರೆ ಕಂಪನಿ ನಡೆಸುವವರ ತಲೆಯಲ್ಲಿ ಈ ಕತೆ ಅಚ್ಚೊತ್ತಿ ಕೂತಿದೆ.

ನಮ್ಮ ಕ್ಷೇತ್ರದ್ದೇ ಉದಾಹರಣೆ ಬೇಕೆಂದರೆ ಪ್ರೊ ಟೂಲ್ಸ್ ಇದೆ. ದೊಡ್ಡ ಸ್ಟುಡಿಯೋಗಳಲ್ಲೆಲ್ಲ ಇರುವ ಸಾಫ್ಟ್‌ವೇರ್ ಅದು. 2010ರ ತನಕ ಅದು ಓಡಬೇಕೆಂದರೆ ಕಂಪನಿ ಹೇಳಿದ ಆಡಿಯೋ ಡಬ್ಬಿಯನ್ನೇ, ಅಂದರೆ ಮೈಕಿನ ದನಿಯನ್ನು ಕಂಪ್ಯೂಟರ್‌ಗೆ ಸೇರಿಸುವ ಪೆಟ್ಟಿಗೆಯನ್ನೇ, ಕೊಳ್ಳಬೇಕಿತ್ತು. ಬೇರೆಯವರ ಡಬ್ಬಿ ಹಾಕಿದರೆ ಸಾಫ್ಟ್‌ವೇರ್ ತೆರೆಯುತ್ತಲೇ ಇರಲಿಲ್ಲ. ಆ ವರ್ಷ ನವೆಂಬರ್‌ನಲ್ಲಿ ಪ್ರೊ ಟೂಲ್ಸ್ 9 ಬಂತು, ಆ ಕಟ್ಟುಪಾಡು ಒಂದೇ ಏಟಿಗೆ ಹೋಯಿತು. ಈ ಸುದ್ದಿ ಆರು ತಿಂಗಳು ಮೊದಲೇ ಹೊರಬಿದ್ದಿದ್ದರೆ ಏನಾಗುತ್ತಿತ್ತು ಯೋಚಿಸಿ. ಆ ಡಬ್ಬಿಗಳನ್ನು ಅಂಗಡಿಯಲ್ಲಿ ಜೋಡಿಸಿಟ್ಟುಕೊಂಡವರ ಗತಿ? ಹಾಗಾಗಿ ಗುಟ್ಟು ಗುಟ್ಟಾಗಿಯೇ ಉಳಿಯಿತು.

ಇಲ್ಲಿಂದ ನನಗೊಂದು ಅಂದಾಜು ಸಿಕ್ಕಿತು. ಒಂದು ಕಂಪನಿ ಎಷ್ಟು ಮಾತಾಡುತ್ತದೆ ಅನ್ನುವುದು ಅದಕ್ಕೆ ದುಡ್ಡು ಹೇಗೆ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ. ಪರೀಕ್ಷೆ ಮಾಡಿ ನೋಡೋಣ.

ನಮ್ಮ ಕಡೆ ಆರ್ಕೆಸ್ಟ್ರಾ ಮತ್ತು ಡಿಜೆ ಹುಡುಗರು ಜಾಸ್ತಿ ಬಳಸುವುದು ಎಫ್‌ಎಲ್ ಸ್ಟುಡಿಯೋ. ಬೆಲ್ಜಿಯಂನ ಇಮೇಜ್ ಲೈನ್ ಕಂಪನಿಯದು. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಫ್ರೀ. ಹೀಗಿದ್ದ ಮೇಲೆ ಗಿರಾಕಿ ಕಾಯುವ ಮಾತೇ ಇಲ್ಲ, ಇವತ್ತು ಕೊಂಡರೂ ನಾಳೆಯದು ಸಿಗುತ್ತದೆ. ಅದಕ್ಕೇ ಆ ಕಂಪನಿ ಬೀಟಾ ಆವೃತ್ತಿಗಳನ್ನು, ಅಂದರೆ ಇನ್ನೂ ಪರೀಕ್ಷೆಯಲ್ಲಿರುವವನ್ನು, ತನ್ನ ಗಿರಾಕಿಗಳಿಗೆ ಮೊದಲೇ ಕೊಡುತ್ತದೆ. ಮ್ಯಾಕ್ ಕಂಪ್ಯೂಟರ್‌ಗೆ ಎಫ್‌ಎಲ್ ಸ್ಟುಡಿಯೋ ತರುವ ಕೆಲಸ ವರ್ಷಗಟ್ಟಲೆ ಎಲ್ಲರ ಕಣ್ಣೆದುರೇ ನಡೆಯಿತು. 2018ರ ಮೇ ತಿಂಗಳಲ್ಲಿ 20ನೇ ಆವೃತ್ತಿಯ ಜೊತೆ ಅದು ಅಧಿಕೃತವಾಗಿ ಬಂತು. ಕಂಪನಿಗೆ ಇದರಿಂದ ಏನೂ ನಷ್ಟವಾಗಲಿಲ್ಲ.

ರೀಪರ್ ಕೂಡ ಹಾಗೇ. ಹಾಡು ಕೇಳುವ ವಿನ್ಯಾಂಪ್ ಪ್ರೋಗ್ರಾಂ ಬರೆದ ಜಸ್ಟಿನ್ ಫ್ರಾಂಕೆಲ್ ಅವರ ಪುಟ್ಟ ಕಂಪನಿ ಅದನ್ನು ಮಾಡುತ್ತದೆ. ಸಣ್ಣಪುಟ್ಟವರಿಗೆ 60 ಡಾಲರ್, ದೊಡ್ಡ ವ್ಯವಹಾರದವರಿಗೆ 225. ಒಂದು ಲೈಸೆನ್ಸ್ ಎರಡು ದೊಡ್ಡ ಆವೃತ್ತಿಗಳವರೆಗೆ ನಡೆಯುತ್ತದೆ. ಬಿಡುಗಡೆಗೆ ಮೊದಲಿನ ಪ್ರತಿಗಳು ಯಾರು ಬೇಕಾದರೂ ಇಳಿಸಿಕೊಳ್ಳಲು ಸಿಗುತ್ತವೆ. ಏನು ಸೇರಿತು, ಏನು ಬಿಟ್ಟಿತು ಅಂತ ಸಾಲು ಸಾಲಾಗಿ ಬರೆದಿರುತ್ತಾರೆ.

ಇನ್ನು ಬರ್ಲಿನ್‌ನ ಏಬಲ್ಟನ್. ನನಗೆ ಬಹಳ ಪಾಠ ಕಲಿಸಿದ್ದು ಇದೇ ಕಂಪನಿ, ಯಾಕೆಂದರೆ ಒಂದೇ ಮನೆಯಲ್ಲಿ ಎರಡೂ ರೀತಿ ಇದೆ. ಇವರ ಲೈವ್ ಸಾಫ್ಟ್‌ವೇರ್‌ನ ದೊಡ್ಡ ಆವೃತ್ತಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಬರುತ್ತವೆ. ಹತ್ತು 2018ರಲ್ಲಿ, ಹನ್ನೊಂದು 2021ರಲ್ಲಿ, ಹನ್ನೆರಡು 2024ರ ಮಾರ್ಚ್‌ನಲ್ಲಿ. ಪೂರ್ತಿ ಸೆಟ್‌ನ ಬೆಲೆ 749 ಡಾಲರ್, ನಮ್ಮ ದುಡ್ಡಲ್ಲಿ 60 ಸಾವಿರದ ಮೇಲೆ. ಆ ದೊಡ್ಡ ಆವೃತ್ತಿಯ ಬಗ್ಗೆ ಬಿಡುಗಡೆಗೆ ಮೂರು ನಾಲ್ಕು ತಿಂಗಳು ಉಳಿಯುವವರೆಗೂ ತುಟಿ ಬಿಚ್ಚುವುದಿಲ್ಲ. ಆದರೆ ನಡುವೆ ಬರುವ 12.1, 12.2 ಥರದ ಸಣ್ಣ ಅಪ್‌ಡೇಟ್‌ಗಳ ಬೀಟಾವನ್ನು ಲೈಸೆನ್ಸ್ ಇರುವ ಯಾರು ಬೇಕಾದರೂ ಹಾಕಿ ನೋಡಬಹುದು. ಅದೇ ಎಂಜಿನಿಯರ್‌ಗಳು, ಅದೇ ಸಾಫ್ಟ್‌ವೇರ್. ದುಡ್ಡು ಕೇಳುವ ಕಡೆ ಬಾಗಿಲು ಮುಚ್ಚಿದೆ, ಕೇಳದ ಕಡೆ ತೆರೆದಿದೆ.

ಗುಟ್ಟು ಬಿಚ್ಚಿದ ದಿನ ಅವರು ಇನ್ನೊಂದು ಕೆಲಸ ಮಾಡುತ್ತಾರೆ. ಹಳೇ ಆವೃತ್ತಿಯ ರೇಟು ಇಳಿಸಿ, ಈಗ ಕೊಂಡವರಿಗೆ ಹೊಸದು ಬಂದಾಗ ಫ್ರೀ ಅನ್ನುತ್ತಾರೆ. ಕ್ಯೂಬೇಸ್ ಮಾಡುವ ಸ್ಟೈನ್‌ಬರ್ಗ್ ಕೂಡ, ಇಂಥ ತಾರೀಖಿನ ನಂತರ ಲೈಸೆನ್ಸ್ ಆಕ್ಟಿವೇಟ್ ಮಾಡಿದವರಿಗೆ ಹೊಸ ಆವೃತ್ತಿ ಫ್ರೀ ಅಂತ ಗಡುವು ಇಡುತ್ತದೆ. ಗುಟ್ಟಿನಿಂದ ಗಿರಾಕಿಗೆ ಆಗುವ ನಷ್ಟಕ್ಕೆ ಇದು ಮುಲಾಮು. ಆ ಗಡುವು ತೀರಾ ಚಿಕ್ಕದಾದರೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತು.

ಈ ಅಂದಾಜಿಗೆ ಒಗ್ಗದವರೂ ಇದ್ದಾರೆ. ಆಪಲ್‌ನ ಲಾಜಿಕ್ ಪ್ರೊ 2013ರಲ್ಲಿ ಹೊಸ ರೂಪದಲ್ಲಿ ಬಂತು. ಅದನ್ನು ಕೊಂಡವರಿಗೆ 2024ರ ಮೇ ತಿಂಗಳಲ್ಲಿ ಬಂದ ಹನ್ನೊಂದನೇ ಆವೃತ್ತಿಯೂ ಫ್ರೀಯಾಗಿಯೇ ಸಿಕ್ಕಿತು. ಹಾಗಿದ್ದರೂ ಬಿಡುಗಡೆ ತೀರಾ ಹತ್ತಿರ ಬರುವ ತನಕ ಒಂದು ಸುಳಿವೂ ಇರುವುದಿಲ್ಲ. ಅಲ್ಲಿ ನಿಜವಾಗಿ ಮಾರುತ್ತಿರುವುದು ಕಂಪ್ಯೂಟರು, ಐಪ್ಯಾಡು. ಇಡೀ ಕಂಪನಿಯೇ ಗುಟ್ಟಿನ ಮೇಲೆ ಕಟ್ಟಿದ್ದು, ಸಂಗೀತದ ವಿಭಾಗ ಮಾತ್ರ ಬೇರೆ ಥರ ಇರಲು ಹೇಗೆ ಸಾಧ್ಯ ಅಲ್ವಾ?

ಎರಡನೇ ಕಾರಣ ಲೆಕ್ಕಪತ್ರದ್ದು. ಇದನ್ನು ನಾನು ಊಹಿಸಿಯೇ ಇರಲಿಲ್ಲ. ಮದುವೆಗೆ ಆರ್ಕೆಸ್ಟ್ರಾದವರು ಇಪ್ಪತ್ತು ಸಾವಿರ ಅಡ್ವಾನ್ಸ್ ತಗೊಂಡರು ಅನ್ನಿ. ದುಡ್ಡು ಜೇಬಿನಲ್ಲಿದೆ. ಆದರೂ ಕಾರ್ಯಕ್ರಮ ಮುಗಿಯುವ ತನಕ ಅದು ಅವರ ಸಂಪಾದನೆ ಅಲ್ಲ. ಸಾಫ್ಟ್‌ವೇರ್ ಮಾರುವಾಗ "ಮುಂದೆ ಇಂಥದ್ದೊಂದು ಸೌಲಭ್ಯ ಕೊಡುತ್ತೇವೆ" ಅಂತ ಮಾತು ಕೊಟ್ಟರೆ, ಆಡಿಟರ್ ಕಣ್ಣಿಗೆ ಅದೂ ಅಡ್ವಾನ್ಸೇ. ಬಂದ ದುಡ್ಡಿನಲ್ಲಿ ಒಂದು ಪಾಲು ಆ ಸೌಲಭ್ಯದ್ದು. ಅದು ಗಿರಾಕಿ ಕೈಗೆ ಸೇರುವ ತನಕ ಆ ಪಾಲನ್ನು ಆದಾಯ ಅಂತ ತೋರಿಸುವಂತಿಲ್ಲ. ಅಮೆರಿಕದ ಲೆಕ್ಕದ ನಿಯಮ ಹೀಗಿದೆ. ನಮ್ಮಲ್ಲಿ ದೊಡ್ಡ ಕಂಪನಿಗಳಿಗೆ 2018ರಿಂದ ಜಾರಿಯಾದ ಇಂಡ್ ಎಎಸ್ 115 ಕೂಡ ಇದೇ ದಾರಿಯದು.

ಇದು ಸುಮ್ನೆ ಪುಸ್ತಕದ ಮಾತಲ್ಲ. ಆಪಲ್ 2006ರಲ್ಲಿ ಮಾರಿದ ಕೆಲವು ಮ್ಯಾಕ್‌ಗಳೊಳಗೆ ವೇಗದ ವೈಫೈ ಚಿಪ್ ಇತ್ತು, ಆದರೆ ಅದನ್ನು ಹೇಳಿರಲಿಲ್ಲ. 2007ರಲ್ಲಿ ಅದನ್ನು ಚಾಲೂ ಮಾಡುವ ಸಾಫ್ಟ್‌ವೇರ್‌ಗೆ 1.99 ಡಾಲರ್ ಕೇಳಿತು. ಫ್ರೀಯಾಗಿ ಕೊಟ್ಟರೆ ಲೆಕ್ಕದ ನಿಯಮಕ್ಕೆ ತೊಡಕಾಗುತ್ತದೆ ಅಂತ ಕಾರಣ ಕೊಟ್ಟಿತು. ಪ್ರೊ ಟೂಲ್ಸ್‌ನ ಎವಿಡ್ ಕಂಪನಿಗೆ ಇನ್ನೂ ದೊಡ್ಡ ಪೆಟ್ಟು ಬಿತ್ತು. ಗಿರಾಕಿಗಳಿಗೆ ವರ್ಷಗಳಿಂದ ಫ್ರೀಯಾಗಿ ಕೊಡುತ್ತಾ ಬಂದ ದೋಷ ತಿದ್ದುಪಡಿ, ಸುಧಾರಣೆಗಳು ಬಾಯಿಬಿಟ್ಟು ಹೇಳದ ಒಂದು ಮಾತು ಕೊಟ್ಟಂತೆ ಅಂತಾಯಿತು. ಹಾಗಾದರೆ ಮಾರಾಟದ ದುಡ್ಡನ್ನು ವರ್ಷಗಳ ಮೇಲೆ ಹಂಚಿ ತೋರಿಸಬೇಕಿತ್ತು. 2013ರಲ್ಲಿ ಈ ವಿಷಯ ಎದ್ದಿತು. ಹಳೇ ವರ್ಷಗಳ ಲೆಕ್ಕವನ್ನೆಲ್ಲ ಮತ್ತೆ ಬರೆಯಬೇಕಾಯಿತು. ಲೆಕ್ಕ ಸಲ್ಲಿಸುವುದು ತಡವಾಗಿ 2014ರಲ್ಲಿ ನಾಸ್ಡಾಕ್ ಷೇರುಪೇಟೆಯಿಂದ ಕಂಪನಿಯ ಹೆಸರು ತೆಗೆದರು. ವರ್ಷದ ಕೊನೆಗೆ ಮತ್ತೆ ಸೇರಿಸಿಕೊಂಡರು. ಇಷ್ಟು ನೋಡಿದ ಮೇಲೆ ಯಾವ ಕಂಪನಿಯ ವಕೀಲ ತಾನೆ "ಮುಂದೆ ಏನು ಬರುತ್ತೆ ಹೇಳಿ ಪರವಾಗಿಲ್ಲ" ಅನ್ನುತ್ತಾನೆ?

ಮೂರನೇದು ಕೆಲಸದ ಕಷ್ಟ. ಸಂಗೀತದ ಸಾಫ್ಟ್‌ವೇರ್‌ಗೆ ಬೇರೆ ಸಾಫ್ಟ್‌ವೇರ್‌ಗಳಿಗೆ ಇಲ್ಲದ ಒಂದು ಕಾಟ ಇದೆ. ನನ್ನ ಕೋಣೆಯಲ್ಲಿ ಹಾಡುಗಾರ ಹೆಡ್‌ಫೋನ್ ಹಾಕಿಕೊಂಡು ಹಾಡುವಾಗ ಅವನ ದನಿ ಕಂಪ್ಯೂಟರ್ ಒಳಗೆ ಹೋಗಿ ತಕ್ಷಣ ಅವನ ಕಿವಿಗೆ ಬರಬೇಕು. ಕಂಪ್ಯೂಟರ್ ದನಿಯನ್ನು ಸ್ಯಾಂಪಲ್ ಅನ್ನುವ ಪುಟ್ಟ ಚೂರುಗಳಾಗಿ ಎಣಿಸುತ್ತದೆ. ಒಂದು ಸಲಕ್ಕೆ ತಗೊಳ್ಳುವ ಚೂರುಗಳ ಕಂತೇ ಬಫರ್. ನಾನು ಅದನ್ನು 128 ಸ್ಯಾಂಪಲ್‌ಗೆ ಇಡುತ್ತೇನೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಅದು ಸುಮಾರು 2.9 ಮಿಲಿಸೆಕೆಂಡ್. ಪ್ರತಿ 2.9 ಮಿಲಿಸೆಕೆಂಡಿಗೊಮ್ಮೆ ಎಲ್ಲ ಟ್ರ್ಯಾಕ್‌ಗಳ ಎಲ್ಲ ಲೆಕ್ಕ ಮುಗಿದಿರಬೇಕು. ಒಂದು ಸಲ ತಪ್ಪಿದರೂ ಟಪ್ ಅಂತ ಸದ್ದು. ಹಾಡುಗಾರ ನಿಲ್ಲಿಸಿ ಗಾಜಿನಾಚೆಯಿಂದ ನನ್ನನ್ನು ನೋಡುತ್ತಾನೆ. ಕಚೇರಿಯಲ್ಲಿ ಪತ್ರ ಟೈಪ್ ಮಾಡುವ ಸಾಫ್ಟ್‌ವೇರ್ ಅರ್ಧ ಸೆಕೆಂಡ್ ತಡವರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಹಾಡೇ ಕೆಟ್ಟುಹೋಗುತ್ತದೆ.

ಅದರ ಜೊತೆಗೆ ಯಾರ್ಯಾರೋ ಬರೆದ ಸಾವಿರಾರು ಪ್ಲಗಿನ್‌ಗಳು, ಅಂದರೆ ದನಿ ತಿದ್ದಲು, ವಾದ್ಯ ನುಡಿಸಲು ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು, ಇದರೊಳಗೆ ಕೂರಬೇಕು. ಹತ್ತು ವರ್ಷದ ಹಿಂದಿನ ಪ್ರಾಜೆಕ್ಟ್ ತೆರೆದರೆ ಆವತ್ತು ಕೇಳಿದ ಹಾಗೇ ಕೇಳಬೇಕು. ಹಾಗಾಗಿ ಕಂಪನಿಯೊಳಗೆ ಚೆನ್ನಾಗಿ ಓಡಿದ ಎಷ್ಟೋ ಸೌಲಭ್ಯ ಹೊರಗೆ ಬರುವ ಮುಂಚೆಯೇ ಬಿದ್ದುಹೋಗುತ್ತದೆ. ಬಿಟ್‌ವಿಗ್ ಕಂಪನಿಯನ್ನು ಶುರುಮಾಡಿದವರು ಏಬಲ್ಟನ್‌ನಲ್ಲೇ ಕೆಲಸ ಮಾಡಿದ್ದವರು. 2012ರಲ್ಲಿ ತಮ್ಮ ಸಾಫ್ಟ್‌ವೇರ್ ಬರುತ್ತಿದೆ ಅಂದಾಗ, ಒಂದೇ ಪ್ರಾಜೆಕ್ಟ್‌ನಲ್ಲಿ ಹಲವರು ನೆಟ್‌ವರ್ಕ್ ಮೂಲಕ ಒಟ್ಟಿಗೆ ನುಡಿಸಬಹುದು ಅಂದರು. ಬೇಕಾದಂತೆ ವಾದ್ಯ ಕಟ್ಟಿಕೊಳ್ಳುವ ಮಾಡ್ಯುಲರ್ ವ್ಯವಸ್ಥೆಯ ಮಾತೂ ಆಡಿದರು. 2014ರ ಮಾರ್ಚ್‌ನಲ್ಲಿ ಮೊದಲ ಆವೃತ್ತಿ ಬಂದಾಗ ಎರಡೂ ಇರಲಿಲ್ಲ. ಮಾಡ್ಯುಲರ್ ವ್ಯವಸ್ಥೆ ದಿ ಗ್ರಿಡ್ ಅನ್ನುವ ಹೆಸರಲ್ಲಿ 2019ರಲ್ಲಿ ಬಂತು. ಒಳ್ಳೆಯದೇ ಬಂತು. ಆದರೆ ಈ ನಡುವಿನ ವರ್ಷಗಳಲ್ಲಿ ಅದೆಲ್ಲಿ ಅಂತ ಕೇಳುವವರಿಗೆ ಉತ್ತರ ಕೊಟ್ಟು ಅವರಿಗೆ ಸಾಕಾಗಿರಬೇಕು.

ನಾಲ್ಕನೇದು ನಕಲಿನ ಹೆದರಿಕೆ. ಇದು ಇದೆ, ಆದರೆ ನಾವು ಅಂದುಕೊಂಡಷ್ಟು ದೊಡ್ಡದಲ್ಲ ಅಂತ ನನಗನಿಸುತ್ತದೆ. ಹಾಡಿನಿಂದ ದನಿ ಬೇರೆ, ವಾದ್ಯ ಬೇರೆ ಮಾಡುವ ತಂತ್ರವನ್ನೇ ತಗೊಳ್ಳಿ. ನಮ್ಮ ಊರಿನ ಕರೋಕೆ ಹಾಡುಗಾರರಿಗೆ ಇದು ವರ. ಮುಂಚೆ ದನಿ ತೆಗೆಯಿರಿ ಅಂತ ಬಂದವರನ್ನು ಆಗಲ್ಲ ಅಂತ ಕಳಿಸುತ್ತಿದ್ದೆ. 2019ರಲ್ಲಿ ಆನ್‌ಲೈನ್‌ನಲ್ಲಿ ಹಾಡು ಕೇಳಿಸುವ ಡೀಜರ್ ಕಂಪನಿ ಸ್ಪ್ಲೀಟರ್ ಅನ್ನುವ ಪ್ರೋಗ್ರಾಂ ಅನ್ನು ಯಾರು ಬೇಕಾದರೂ ಬಳಸಿ ಅಂತ ಬಿಟ್ಟಿತು. ಆಮೇಲೆ ಎಫ್‌ಎಲ್ ಸ್ಟುಡಿಯೋ, ಲಾಜಿಕ್, ಏಬಲ್ಟನ್ ಒಂದರ ಹಿಂದೆ ಒಂದು ಇದೇ ಸೌಲಭ್ಯ ತಂದವು. ಎಲ್ಲರಿಗೂ ಗೊತ್ತಿದ್ದ ವಿದ್ಯೆ, ಯಾರು ಮೊದಲು ಅನ್ನುವುದಷ್ಟೇ ಪ್ರಶ್ನೆ. ಅಂಥ ಕಡೆ ಬಾಯಿಬಿಟ್ಟವನು ಹಿಂದೆ ಬೀಳುತ್ತಾನೆ.

ಯಾರಿಂದಲೂ ನಕಲು ಮಾಡಲಾಗದ್ದು ಕೈಯಲ್ಲಿದ್ದರೆ ಕಂಪನಿಗಳು ಧಾರಾಳವಾಗಿ ಮಾತಾಡುತ್ತವೆ. ಸ್ವರ ತಿದ್ದುವ ಮೆಲೊಡೈನ್ ಪ್ರೋಗ್ರಾಂ ಮಾಡುವ ಸೆಲೆಮನಿ ಕಂಪನಿ 2008ರಲ್ಲಿ ಜರ್ಮನಿಯ ಸಂಗೀತ ಮೇಳದಲ್ಲಿ ಒಂದು ಅಚ್ಚರಿ ತೋರಿಸಿತು. ಗಿಟಾರ್‌ನಲ್ಲಿ ಒಟ್ಟಿಗೆ ನುಡಿಸಿ ರೆಕಾರ್ಡ್ ಮಾಡಿದ ಸ್ವರಗಳ ಗುಂಪಿನಿಂದ ಒಂದೊಂದೇ ಸ್ವರವನ್ನು ಹಿಡಿದು ಮೇಲೆ ಕೆಳಗೆ ಸರಿಸಿತು. ಅದು ಜನರ ಕೈಗೆ ಸಿಕ್ಕಿದ್ದು 2009ರ ನವೆಂಬರ್‌ನಲ್ಲಿ. ಒಂದೂವರೆ ವರ್ಷ ಮೊದಲೇ ಹೇಳಿದರೂ ಬೇರೆ ಯಾರೂ ಅದನ್ನು ಮಾಡಿಕೊಂಡು ಬರಲಿಲ್ಲ. ಸ್ವರಲಿಪಿ ಬರೆಯುವ ಡೊರಿಕೊ ಕತೆ ಇನ್ನೊಂದು ಥರ. ಸಿಬೇಲಿಯಸ್ ಸಾಫ್ಟ್‌ವೇರ್ ಕಟ್ಟಿದ ತಂಡವನ್ನು 2012ರಲ್ಲಿ ಎವಿಡ್ ಕೆಲಸದಿಂದ ತೆಗೆಯಿತು. ಸ್ಟೈನ್‌ಬರ್ಗ್ ಅವರನ್ನು ಕರೆದುಕೊಂಡಿತು. ತಂಡದ ಡೇನಿಯಲ್ ಸ್ಪ್ರೆಡ್‌ಬರಿ ಅವರು 2013ರಿಂದ 2016ರಲ್ಲಿ ಡೊರಿಕೊ ಹೊರಬರುವ ತನಕ, ಏನು ಮಾಡುತ್ತಿದ್ದೇವೆ ಅಂತ ಡೈರಿಯಂತೆ ಬರೆಯುತ್ತಾ ಹೋದರು. ಅವರಿಗೆ ಮಾರಲು ಹಳೇ ಸರಕೇ ಇರಲಿಲ್ಲವಲ್ಲ. ಮಾತಾಡಿದರೆ ಲಾಭವೇ ಹೊರತು ನಷ್ಟವಿಲ್ಲ.

ಇಲ್ಲಿಯ ತನಕ ಹೇಳಿದ್ದನ್ನೆಲ್ಲ ನಾನು ಒಪ್ಪುತ್ತೇನೆ. ಹೊಸದಾಗಿ ಏನು ಬರುತ್ತೆ ಅಂತ ಕಂಪನಿ ಹೇಳದಿದ್ದರೆ ನನಗೆ ಹತ್ತು ದಿನದ ಲೆಕ್ಕ ತಪ್ಪಬಹುದು, ದುಡ್ಡು ಹೋಗಬಹುದು. ಅದನ್ನು ದುಡಿದುಕೊಳ್ಳಬಹುದು. ನನ್ನ ತಕರಾರು ಬೇರೆ. ಬರುವುದನ್ನು ಮುಚ್ಚಿಡುವ ಇದೇ ಅಭ್ಯಾಸದಲ್ಲಿ ಅವರು ಹೋಗುವುದನ್ನೂ ಮುಚ್ಚಿಡುತ್ತಾರೆ. ಯಾವ ಸಾಫ್ಟ್‌ವೇರ್ ನಿಲ್ಲುತ್ತದೆ, ನಾವು ದುಡ್ಡು ಕೊಟ್ಟಿದ್ದೇವಾ ಅಂತ ನೋಡುವ ಯಾವ ಲೈಸೆನ್ಸ್ ಸರ್ವರ್ ಮುಚ್ಚುತ್ತದೆ, ಯಾವ ಹಳೇ ಕಂಪ್ಯೂಟರ್‌ನಲ್ಲಿ ಇನ್ನು ಓಡುವುದಿಲ್ಲ, ಇದ್ಯಾವುದೂ ಆಸ್ಬೋರ್ನ್ ಕತೆಯಲ್ಲ. ಇದರಲ್ಲಿ ನಕಲು ಮಾಡಲು ಏನಿದೆ?

ಜಗಳೂರು ಕಡೆಯ ಒಂದು ವೀರಗಾಸೆ ತಂಡದ ಒಡಪುಗಳನ್ನು ಕೆಲವು ವರ್ಷಗಳ ಹಿಂದೆ ರೆಕಾರ್ಡ್ ಮಾಡಿದ್ದೆ. ನನ್ನ ಕೋಣೆ ಚಿಕ್ಕದು. ಒಡಪು ಹೇಳುವ ಹಿರಿಯರು ಒಂದು ಮೂಲೆಯಲ್ಲಿ, ಸಮಾಳ ಬಾರಿಸುವವರು ಇನ್ನೊಂದು ಮೂಲೆಯಲ್ಲಿ. ಸಮಾಳದ ಸದ್ದು ಹಿರಿಯರ ಮೈಕಿನೊಳಗೂ ನುಗ್ಗಿತ್ತು. ಬೇರೆ ಬೇರೆ ರೆಕಾರ್ಡ್ ಮಾಡೋಣ ಅಂದರೆ, ಸಮಾಳ ಇಲ್ಲದೆ ಒಡಪು ಬರೋದಿಲ್ಲ ಅಂದರು. ಅದು ನಿಜ ಕೂಡ. ಒಂದು ಪ್ಲಗಿನ್ ಇತ್ತು ನನ್ನ ಹತ್ತಿರ. ಮೂರು ರಾತ್ರಿ ಕೂತು, ಪದ ಪದಕ್ಕೂ ಬೇರೆ ಸೆಟ್ಟಿಂಗ್ ಕೊಟ್ಟು, ಸಮಾಳವನ್ನು ಹಿಂದೆ ಸರಿಸಿ ಅವರ ದನಿಯನ್ನು ಮುಂದೆ ತಂದಿದ್ದೆ.

ಆ ಹಿರಿಯರು ತೀರಿಕೊಂಡರು. ವರ್ಷದ ಪುಣ್ಯಸ್ಮರಣೆಗೆ ಮುಂಚೆ ಅವರ ಮಗ ಬಂದ. "ಅಪ್ಪನ ದನಿ ಒಂದೇ ಬೇಕಿತ್ತು ಸಾರ್. ಸಮಾಳ ತೆಗ್ದು ಕೊಡ್ರಿ" ಅಂದ. ಅಷ್ಟೇ ತಾನೆ ಅಂದುಕೊಂಡು ಪ್ರಾಜೆಕ್ಟ್ ತೆರೆದೆ. ಹಳೇ ಕಂಪ್ಯೂಟರ್ ಕೆಟ್ಟು ಅಷ್ಟರಲ್ಲಿ ಹೊಸದು ಬಂದಿತ್ತು. ಪ್ಲಗಿನ್ ಜಾಗದಲ್ಲಿ ಒಂದು ಖಾಲಿ ಚೌಕ, ಲೈಸೆನ್ಸ್ ಪರಿಶೀಲಿಸಲು ಆಗುತ್ತಿಲ್ಲ ಅಂತ ಒಂದು ಸಾಲು. ಕಂಪನಿ ಎಂಟು ತಿಂಗಳ ಹಿಂದೆಯೇ ಆ ಸರ್ವರ್ ಮುಚ್ಚಿತ್ತು. ನನಗೆ ಒಂದು ಮೇಲ್ ಬಂದಿರಲಿಲ್ಲ. ದುಡ್ಡು ಕೊಟ್ಟು ಕೊಂಡಿದ್ದೆ, ಬಿಲ್ ಇವತ್ತಿಗೂ ಇದೆ.

ಸಿಕ್ಕ ಬೇರೆ ಉಪಕರಣಗಳಲ್ಲಿ ಮತ್ತೆ ಮೊದಲಿನಿಂದ ಮಾಡಿದೆ. ಹುಡುಗ ಕಣ್ಣು ಮುಚ್ಚಿ ಕೇಳಿದ. "ಅಪ್ಪಂದೇ ದನಿ ಸಾರ್, ಆದ್ರೆ ದೂರದಿಂದ ಕೇಳ್ದಂಗೈತಿ" ಅಂದ. ಅವನು ತಪ್ಪು ಹೇಳಲಿಲ್ಲ. ಒಂದು ತಿಂಗಳ ಮುಂಚೆ ಯಾರಾದರೂ "ಇಂಥ ದಿನ ಮುಚ್ಚುತ್ತೇವೆ" ಅಂದಿದ್ದರೆ ಆ ಟ್ರ್ಯಾಕನ್ನು ಸಂಸ್ಕರಿಸಿದ ಹಾಗೇ, ಪ್ಲಗಿನ್ ಇಲ್ಲದೆಯೂ ಓಡುವ ಒಂದು ವೇವ್ ಫೈಲ್ ಮಾಡಿ ಇಟ್ಟುಕೊಳ್ಳುತ್ತಿದ್ದೆ. ಎರಡು ನಿಮಿಷದ ಕೆಲಸ.

ಇದು ನನ್ನೊಬ್ಬನ ಪಾಡಲ್ಲ. ಲಾಜಿಕ್ ಮೊದಲು ಇಮ್ಯಾಜಿಕ್ ಅನ್ನುವ ಜರ್ಮನ್ ಕಂಪನಿಯದ್ದಾಗಿತ್ತು, ವಿಂಡೋಸ್‌ನಲ್ಲೂ ಓಡುತ್ತಿತ್ತು. 2002ರ ಜುಲೈನಲ್ಲಿ ಆಪಲ್ ಅದನ್ನು ಕೊಂಡಿತು. ಅದೇ ಪ್ರಕಟಣೆಯಲ್ಲಿ, ವಿಂಡೋಸ್ ಆವೃತ್ತಿ ಸೆಪ್ಟೆಂಬರ್ ಕೊನೆಗೆ ನಿಲ್ಲುತ್ತದೆ ಅಂದಿತು. ಸಿಕ್ಕಿದ್ದು ಮೂರು ತಿಂಗಳು. ಕೇಕ್‌ವಾಕ್ ಕಂಪನಿ 2016ರಲ್ಲಿ ಸೋನಾರ್ ಪ್ಲಾಟಿನಂ ಅನ್ನುವ ತನ್ನ ರೆಕಾರ್ಡಿಂಗ್ ಪ್ರೋಗ್ರಾಂ ಕೊಂಡವರಿಗೆ ಜೀವಮಾನ ಪೂರ್ತಿ ಅಪ್‌ಡೇಟ್ ಫ್ರೀ ಅಂತ ಮಾರಿತು. 2017ರ ನವೆಂಬರ್‌ನಲ್ಲಿ ಅದರ ಮಾಲೀಕ ಗಿಬ್ಸನ್, ಇನ್ನು ಮುಂದೆ ಸೋನಾರ್ ಕೆಲಸ ನಿಲ್ಲಿಸಿದ್ದೇವೆ ಅಂದಿತು. ಜೀವಮಾನ ಒಂದೂವರೆ ವರ್ಷಕ್ಕೆ ಮುಗಿಯಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಫ್ರೀಯಾಗಿ ಬಿಟ್ಟಿದ್ದು ಬಳಕೆದಾರರ ಪುಣ್ಯ.

2024ರ ಆಗಸ್ಟ್‌ನಲ್ಲಿ ಫಿನಾಲೆ ನಿಂತಿತು. ಸ್ವರಲಿಪಿ ಬರೆಯುವವರು ಮೂವತ್ತೈದು ವರ್ಷ ನಂಬಿದ್ದ ಸಾಫ್ಟ್‌ವೇರ್. ಒಂದು ವರ್ಷದ ಮೇಲೆ ಹೊಸ ಕಂಪ್ಯೂಟರ್‌ಗಳಲ್ಲಿ ಅದನ್ನು ಆಕ್ಟಿವೇಟ್ ಮಾಡಲು ಬಿಡುವುದಿಲ್ಲ ಅಂತಲೂ ಮೊದಲು ಹೇಳಿದ್ದರು. ಜನ ಕೂಗಾಡಿದ ಮೇಲೆ ಆ ಮಾತನ್ನು ಹಿಂದಕ್ಕೆ ತಗೊಂಡರು. ವೇವ್ಸ್ ಕಂಪನಿ 2023ರ ಮಾರ್ಚ್‌ನಲ್ಲಿ ಒಂದು ದಿನ ಬೆಳಗಾಗುವಷ್ಟರಲ್ಲಿ ಪ್ಲಗಿನ್‌ಗಳನ್ನು ಒಮ್ಮೆಗೇ ಕೊಳ್ಳುವ ದಾರಿ ಮುಚ್ಚಿ, ಇನ್ನು ಚಂದಾ ಮಾತ್ರ ಅಂದಿತು. ಕೆಲವೇ ದಿನಕ್ಕೆ ಕ್ಷಮೆ ಕೇಳಿ ಹಳೇ ದಾರಿಯನ್ನೂ ತೆರೆಯಿತು.

ಇದರ ಪಕ್ಕಕ್ಕೆ ದನಿ ರೆಕಾರ್ಡ್ ಮಾಡಿ ತಿದ್ದುವ ಒಡಾಸಿಟಿಯನ್ನು ಇಟ್ಟು ನೋಡಿ. ಅದು ಫ್ರೀ, ಅದರ ಕೋಡ್ ಎಲ್ಲರಿಗೂ ಕಾಣುತ್ತದೆ. ನಮ್ಮ ಊರಿನ ಆಟೋ ಪ್ರಚಾರದ ದನಿಗಳಲ್ಲಿ ಎಷ್ಟೋ ಅದರಲ್ಲೇ ತಯಾರಾಗುತ್ತವೆ. 2021ರಲ್ಲಿ ಅದು ಮ್ಯೂಸ್ ಗ್ರೂಪ್ ಕೈಗೆ ಬಂದ ಹೊಸತರಲ್ಲಿ, ಬಳಕೆಯ ಮಾಹಿತಿಯನ್ನು ಗೂಗಲ್ ಮತ್ತು ರಷ್ಯಾದ ಯಾಂಡೆಕ್ಸ್ ಮೂಲಕ ಕಲೆಹಾಕುವ ಒಂದು ಬದಲಾವಣೆ ಪ್ರಸ್ತಾಪವಾಯಿತು. ಕೋಡ್ ತೆರೆದಿದ್ದರಿಂದ ಜನ ಬಿಡುಗಡೆಗೆ ಮೊದಲೇ ನೋಡಿದರು, ವಿರೋಧಿಸಿದರು, ಪ್ರಸ್ತಾಪ ಬಿದ್ದುಹೋಯಿತು. ವೇವ್ಸ್‌ಗೆ ಬಂದ ಸಿಟ್ಟೇ ಇಲ್ಲಿಗೂ ಬಂತು. ಆದರೆ ಇಲ್ಲಿ ಯಾರ ಕೆಲಸವೂ ಕೆಡುವ ಮುಂಚೆ ಬಂತು.

ಹೇಳಿದರೆ ಕಂಪನಿ ಮುಳುಗುತ್ತದೆ ಅನ್ನುವ ಹಾಗೂ ಇಲ್ಲ. ಕ್ಯೂ‌ಬೇಸ್‌ಗೆ ಮುಂಚೆ ಒಂದು ಡಾಂಗಲ್ ಬೇಕಿತ್ತು, ಕಂಪ್ಯೂಟರ್‌ಗೆ ಚುಚ್ಚುವ ಬೀಗದಂಥ ಪುಟ್ಟ ಯುಎಸ್‌ಬಿ. ಅದನ್ನು ಬಿಡುತ್ತೇವೆ ಅಂತ ಸ್ಟೈನ್‌ಬರ್ಗ್ 2021ರಲ್ಲೇ ಹೇಳಿತು. 2022ರಲ್ಲಿ ಡಾಂಗಲ್ ಬೇಡದ ಕ್ಯೂಬೇಸ್ 12 ಬಂತು. ಹಳೇ ಡಾಂಗಲ್‌ನ ಸೇವೆ 2025ರ ಮೇ ತಿಂಗಳಲ್ಲಿ ನಿಂತಿತು, ಆ ದಿನವನ್ನೂ ಬಹಳ ಮೊದಲೇ ತಿಳಿಸಿದ್ದರು. ಹೊಸ ಕ್ಯೂಬೇಸ್‌ನಲ್ಲಿ ಏನೇನು ಇರುತ್ತದೆ ಅನ್ನುವುದನ್ನು ಮಾತ್ರ ಅವರು ಯಾವತ್ತೂ ಮೊದಲೇ ಹೇಳುವುದಿಲ್ಲ. ಎರಡನ್ನೂ ಒಂದೇ ಕಂಪನಿ ಒಟ್ಟಿಗೆ ಮಾಡಬಹುದು ಅಂತಾಯಿತಲ್ಲ.

ಬೆಂಗಳೂರಿನ ದೊಡ್ಡ ಸ್ಟುಡಿಯೋದವರಿಗೆ ಡೀಲರ್ ಫೋನ್ ಮಾಡಿ ಹೇಳುತ್ತಾನೆ. ಬೀಟಾ ಪರೀಕ್ಷೆ ಮಾಡುವವರು ಬಾಯಿಬಿಡುವುದಿಲ್ಲ ಅಂತ ಸಹಿ ಹಾಕಿದ್ದರೂ ಅವರ ಕೆಲಸಕ್ಕೆ ಬೇಕಾದ್ದು ಅವರಿಗೆ ಗೊತ್ತಿರುತ್ತದೆ. ದಾವಣಗೆರೆಯ, ಚಿತ್ರದುರ್ಗದ, ಚಳ್ಳಕೆರೆಯ ಸಣ್ಣ ಸ್ಟುಡಿಯೋದವನಿಗೆ ಗೊತ್ತಾಗುವುದು ಖಾಲಿ ಚೌಕ ಕಂಡ ದಿನವೇ. ನಮ್ಮ ಕೈಯಲ್ಲಿರುವುದು ಬೇರೆ ಎಲ್ಲೂ ಸಿಗದ ದನಿಗಳು. ಸೋಬಾನೆ ಹೇಳುವ ಅಜ್ಜಿಯರು, ತತ್ವಪದದವರು, ಭಜನೆ ಮೇಳದವರು. ಅವರನ್ನು ಎರಡನೇ ಸಲ ರೆಕಾರ್ಡ್ ಮಾಡುತ್ತೇವೆ ಅನ್ನುವ ಧೈರ್ಯ ಯಾರಿಗಿದೆ?

ಆ ಸಂಜೆ ಕೀಬೋರ್ಡ್ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಈಗ ಕೆಲಸ ಮುಗಿದ ದಿನವೇ ಒಂದೊಂದು ಟ್ರ್ಯಾಕನ್ನೂ ವೇವ್ ಫೈಲ್ ಮಾಡಿ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇಡುವುದನ್ನೂ ತೋರಿಸಿದೆ. ಇಬ್ಬರೂ ಕೂತು ಆ ಕಂಪನಿಗೆ ಮತ್ತೊಂದು ಮೇಲ್ ಬರೆದೆವು. ಹೊಸ ಆವೃತ್ತಿ ಯಾವಾಗ ಅಂತ ಕೇಳಲಿಲ್ಲ. ಎರಡೇ ಪ್ರಶ್ನೆ. ಈಗ ಕೊಂಡರೆ ಎಷ್ಟು ದಿನದೊಳಗೆ ಬರುವ ಆವೃತ್ತಿ ಫ್ರೀ? ನೀವು ಇದನ್ನು ನಿಲ್ಲಿಸಿದ ಮೇಲೂ ನಾನು ಕೊಂಡ ಪ್ರತಿಯನ್ನು ಹೊಸ ಕಂಪ್ಯೂಟರ್‌ನಲ್ಲಿ ಆಕ್ಟಿವೇಟ್ ಮಾಡಬಹುದಾ?

ಮೊದಲನೆಯದಕ್ಕೆ ಮೂರನೇ ದಿನ ಉತ್ತರ ಬಂತು, ಅರವತ್ತು ದಿನ ಅಂತ. ಎರಡನೆಯದರ ಬಗ್ಗೆ ಆ ಮೇಲ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಹುಡುಗ ಮತ್ತೆ ಬರೆದಿದ್ದಾನೆ. ಅಲ್ಲಿಯ ತನಕ ಡೆಮೋ ಹಾಕಿಕೊಂಡು ಕಲಿಯುತ್ತಿದ್ದಾನೆ, ದುಡ್ಡು ಬ್ಯಾಂಕಿನಲ್ಲೇ ಇದೆ.